ಮುಕ್ಕಾಲು ಸ್ಟಾಪಿನ ತೂಕ

ಕಳೆದ ವರ್ಷ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಅಕ್ಕನ ಮಗ ಫೋನ್ ಮಾಡಿ, "ಮಾವ, 85ರದ್ದೊಂದು ಲೆನ್ಸ್ ತೆಗೊಳ್ಬೇಕು ಅಂತ ಉಂಟು. 1.8 ಸಾಕಾ, 1.4 ಬೇಕಾ?" ಎಂದು ಕೇಳಿದ. 85 ಮಿಲಿಮೀಟರಿನ ಕ್ಯಾಮೆರಾ ಲೆನ್ಸಿನ ಮಾತು ಅದು; 1.8, 1.4 ಎಂಬುವು ಲೆನ್ಸು ಎಷ್ಟು ಬೆಳಕು ಒಳಬಿಡುತ್ತದೆ ಎಂದು ಹೇಳುವ ಎಫ್ ಸಂಖ್ಯೆಗಳು, ಸಂಖ್ಯೆ ಕಿರಿದಾದಷ್ಟೂ ಬೆಳಕು ಹೆಚ್ಚು. ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಕಡೆಯ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಅಷ್ಟರೊಳಗೆ ಲೆನ್ಸ್ ಕೈಸೇರಬೇಕೆಂಬುದು ಅವನ ಆಸೆ. ನಾನು ಹೆಚ್ಚು ಯೋಚಿಸದೆ "1.8 ಧಾರಾಳ ಸಾಕು" ಎಂದೆ. "ಮತ್ತೆ ನಿಮ್ಮ ಹತ್ರ 1.4 ಯಾಕೆ ಉಂಟು?" ಎಂದು ಅವನು ಮರುಪ್ರಶ್ನೆ ಹಾಕಿದಾಗ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಬಯಲಾಟದ ಚಿತ್ರ ತೆಗೆಯುತ್ತಿದ್ದೇನೆ, ಎರಡೂ ಬಗೆಯ ಲೆನ್ಸುಗಳನ್ನು ಹೊತ್ತಿದ್ದೇನೆ. ಆದರೂ ಒಂದನ್ನು ಬಿಟ್ಟು ಇನ್ನೊಂದನ್ನು ಯಾವಾಗ, ಯಾಕೆ ಕೈಗೆತ್ತಿಕೊಳ್ಳುತ್ತೇನೆ ಎಂಬುದನ್ನು ನನಗೆ ನಾನೇ ಬಿಡಿಸಿ ಹೇಳಿಕೊಂಡಿರಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಫಾಸ್ಟ್ ಲೆನ್ಸ್ ಎಂದರೆ ಹೆಚ್ಚು ಬೆಳಕನ್ನು ಒಳಗೆ ಬಿಡುವ ಲೆನ್ಸ್. ಬೆಳಕು ಹೆಚ್ಚಿದಷ್ಟೂ ಶಟರನ್ನು ಬೇಗ ಮುಚ್ಚಬಹುದಾದ್ದರಿಂದ ಆ ಹೆಸರು. ಪ್ರೈಮ್ ಎಂದರೆ ಜೂಮ್ ಇಲ್ಲದ, ಒಂದೇ ಫೋಕಲ್ ಲೆಂಗ್ತಿನ ಲೆನ್ಸ್. ಲೆನ್ಸು ದೃಶ್ಯವನ್ನು ಎಷ್ಟು ಹತ್ತಿರ ತಂದು ತೋರಿಸುತ್ತದೆ ಎಂಬುದನ್ನು ಹೇಳುವ ಅಳತೆಯೇ ಫೋಕಲ್ ಲೆಂಗ್ತ್. ಎಫ್ ಸಂಖ್ಯೆ ಒಂದು ಸರಳ ಭಾಗಾಕಾರ: ಫೋಕಲ್ ಲೆಂಗ್ತನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಅದು ಸಿಗುತ್ತದೆ. 85 ಮಿಲಿಮೀಟರಿನ ಲೆನ್ಸು ಎಫ್ 1.8 ಆಗಬೇಕಾದರೆ ಕಿಂಡಿ ಸುಮಾರು 47 ಮಿಲಿಮೀಟರ್ ಇರಬೇಕು, ಎಫ್ 1.4 ಆಗಬೇಕಾದರೆ ಸುಮಾರು 61. ಕಿಂಡಿಯ ವಿಸ್ತೀರ್ಣ ಲೆಕ್ಕ ಹಾಕಿದರೆ 1.4ರಲ್ಲಿ ಒಳಬರುವ ಬೆಳಕು 1.8ರಲ್ಲಿ ಬರುವುದರ ಸುಮಾರು 1.65 ಪಟ್ಟು. ಬೆಳಕು ಇಮ್ಮಡಿಯಾದರೆ ಅದನ್ನು ಒಂದು ಸ್ಟಾಪ್ ಎನ್ನುತ್ತೇವೆ. ಆ ಲೆಕ್ಕದಲ್ಲಿ ಇದು ಮುಕ್ಕಾಲು ಸ್ಟಾಪಿಗೂ ತುಸು ಕಡಿಮೆ. ಇಷ್ಟಕ್ಕೆ ನಾವು ತೆರುವ ತೂಕ ನೋಡಿ: ನಿಕಾನ್ ಕಂಪನಿಯ ಡಿಎಸ್ಎಲ್ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಕಾಲದ ಜಿ ಸರಣಿಯ 85 ಎಫ್ 1.8 ಲೆನ್ಸಿನ ತೂಕ 350 ಗ್ರಾಂ, ಅದೇ ಸರಣಿಯ ಎಫ್ 1.4ರದ್ದು 595 ಗ್ರಾಂ. ಸೋನಿಯ 85 ಎಫ್ 1.8 ತೂಗುವುದು 371 ಗ್ರಾಂ, 2016ರ ಎಫ್ 1.4 ತೂಗುವುದು 820 ಗ್ರಾಂ. ಬೆಳಕು ಇಮ್ಮಡಿಯೂ ಆಗಲಿಲ್ಲ, ತೂಕ ಮಾತ್ರ ಸೋನಿಯಲ್ಲಿ ಇಮ್ಮಡಿಯನ್ನೂ ದಾಟಿತು.

ಇದಕ್ಕೆ ಮೊದಲನೆಯ ಕಾರಣ ಗಾಜು. ಗಾಜಿನ ತುಂಡು ಅಗಲವಾದಾಗ ಅದೇ ಬಾಗು ಉಳಿಯಬೇಕಾದರೆ ದಪ್ಪವೂ ಹೆಚ್ಚಲೇಬೇಕು. ಆಗ ಅದರ ಗಾತ್ರ ವ್ಯಾಸಕ್ಕಿಂತ ಬಹಳ ವೇಗವಾಗಿ ಏರುತ್ತದೆ. ಎರಡನೆಯ ಕಾರಣ ಮೊದಲಿನದಕ್ಕಿಂತ ಮುಖ್ಯವಾದದ್ದು. ಕಿಂಡಿ ದೊಡ್ಡದಾದಂತೆ ಗಾಜಿನ ಅಂಚಿನಿಂದ ಬರುವ ಕಿರಣಗಳೂ ಚಿತ್ರದಲ್ಲಿ ಪಾಲುಗೊಳ್ಳುತ್ತವೆ, ಅವು ನಡುವಿನಿಂದ ಬಂದ ಕಿರಣಗಳು ಸೇರುವ ಬಿಂದುವಿನಲ್ಲಿ ಸೇರಲು ಒಪ್ಪುವುದಿಲ್ಲ. ಈ ದೋಷದಿಂದ ಆಗುವ ಮಸುಕು ಕಿಂಡಿಯ ವ್ಯಾಸದ ಘನದಂತೆ ಬೆಳೆಯುತ್ತದೆ. ಅದನ್ನು ತಿದ್ದಲು ಇನ್ನೊಂದು ಗಾಜು, ಆ ಗಾಜು ತಂದ ಬಣ್ಣದ ದೋಷವನ್ನು ತಿದ್ದಲು ಮತ್ತೊಂದು, ಹೀಗೆ ಲೆನ್ಸಿನ ಒಳಗೆ ಗಾಜುಗಳ ಸಾಲು ಬೆಳೆಯುತ್ತ ಹೋಗುತ್ತದೆ.

50 ಮಿಲಿಮೀಟರಿನ ಲೆನ್ಸುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ಬಹಳ ಸ್ಪಷ್ಟವಾಗುತ್ತದೆ. ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದು, ಅಂದರೆ ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆಂದು, 2020ರಲ್ಲಿ ಬಂದ 50 ಎಫ್ 1.8ರಲ್ಲಿ ಆರು ಗಾಜುಗಳಿವೆ, ತೂಕ 160 ಗ್ರಾಂ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು. ನಿಕಾನ್ ತನ್ನ ಝಡ್ ಮೌಂಟಿಗೆ (ಮೌಂಟ್ ಎಂದರೆ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಬಾಯಿ) 2018ರಲ್ಲಿ ತಂದ 50 ಎಫ್ 1.8ರಲ್ಲಿ ಹನ್ನೆರಡು ಗಾಜುಗಳಿವೆ, ತೂಕ 415 ಗ್ರಾಂ. ಎರಡರ ಮೇಲೂ ಬರೆದಿರುವುದು ಒಂದೇ ಎಫ್ ಸಂಖ್ಯೆ, ಎರಡೂ ಒಳಗೆ ಬಿಡುವ ಬೆಳಕು ಹೆಚ್ಚುಕಡಿಮೆ ಒಂದೇ. ಹಾಗಾದರೆ ಉಳಿದ 255 ಗ್ರಾಂ ಯಾವುದಕ್ಕೆ ಕೊಟ್ಟ ಬೆಲೆ? ಮೂಲೆಯವರೆಗೂ ಸಮನಾದ ಸ್ಪಷ್ಟತೆಗೆ, ಬಣ್ಣ ಸೋರದ ಅಂಚುಗಳಿಗೆ, ಒಟ್ಟಿನಲ್ಲಿ ತಿದ್ದುಪಡಿಗೆ. ಲೆನ್ಸಿನ ತೂಕವನ್ನು ಎಫ್ ಸಂಖ್ಯೆಯೊಂದೇ ನಿರ್ಧರಿಸುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಅರ್ಧ ಮಾತ್ರ ಸತ್ಯ. ಬೆಳಕಿಗೊಂದು ತೂಕ, ತಿದ್ದುಪಡಿಗೊಂದು ತೂಕ. ಕೊಳ್ಳುವವನು ತನಗೆ ಯಾವುದು ಬೇಕಾಗಿದೆ ಎಂದು ತಿಳಿದಿರಬೇಕು. ಕ್ಯಾನನ್‌ನ ಮಿರರ್‌ಲೆಸ್ 50 ಎಫ್ 1.2ರಲ್ಲಿ ಹದಿನೈದು ಗಾಜುಗಳು, ತೂಕ 950 ಗ್ರಾಂ. ಅಲ್ಲಿ ಎರಡೂ ಸೇರಿವೆ. 2019ರಲ್ಲಿ ನಿಕಾನ್ ತಂದ 58 ಮಿಲಿಮೀಟರಿನ ಎಫ್ 0.95 ಲೆನ್ಸು ಎರಡು ಕಿಲೋ ತೂಗುತ್ತದೆ, ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಅದನ್ನು ಹೊತ್ತು ಗದ್ದೆಯ ಬದುವಿನ ಮೇಲೆ ನಡೆಯುವ ಮಾತೇ ಇಲ್ಲ.

ಮೊದಲಿನಿಂದಲೂ ಹಗುರ ಮತ್ತು ಫಾಸ್ಟ್ ಎರಡೂ ಶತ್ರುಗಳಾಗಿರಲಿಲ್ಲ. 1924ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಎರ್ನೆಮನ್ ಕಂಪನಿ ಎರ್ಮಾನಾಕ್ಸ್ ಎಂಬ ಪುಟ್ಟ ಕ್ಯಾಮೆರಾವನ್ನು ಲುಡ್ವಿಗ್ ಬರ್ಟೆಲೆ ರೂಪಿಸಿದ ಎಫ್ 2 ಲೆನ್ಸಿನೊಂದಿಗೆ ಹೊರತಂದಿತು. ಆ ದಶಕದ ಕೊನೆಯಲ್ಲಿ ಎರಿಕ್ ಸಾಲೊಮನ್ ಎಂಬ ಛಾಯಾಗ್ರಾಹಕರು ಅದನ್ನು ಹಿಡಿದು ನ್ಯಾಯಾಲಯಗಳ ಒಳಗೆ, ರಾಜತಾಂತ್ರಿಕರ ಸಭೆಗಳಲ್ಲಿ, ಫ್ಲ್ಯಾಶ್ ಪುಡಿ ಸಿಡಿಸದೆ ಇದ್ದ ಬೆಳಕಿನಲ್ಲೇ ಚಿತ್ರ ತೆಗೆದರು. ಗಾಜಿನ ಪ್ಲೇಟು 4.5 x 6 ಸೆಂಟಿಮೀಟರಿನಷ್ಟು ಚಿಕ್ಕದಾಗಿದ್ದುದರಿಂದಲೇ ಅಷ್ಟು ಫಾಸ್ಟ್ ಲೆನ್ಸು ಕೈಯಲ್ಲಿ ಹಿಡಿಯುವ ಗಾತ್ರಕ್ಕೆ ಬರಲು ಸಾಧ್ಯವಾಯಿತು. ಕತ್ತಲೆಯ ಜಾಗಕ್ಕೆ ಹೋಗಬೇಕು, ಅಲ್ಲಿ ಯಾರಿಗೂ ತೊಂದರೆಯಾಗದಂತೆ ಇರಬೇಕು, ಆದರೂ ಚಿತ್ರ ಬರಬೇಕು: ಇದು ಒಂದೇ ಬಯಕೆಯ ಮೂರು ಮುಖ. ಬಯಲಾಟದ ಚಿತ್ರ ತೆಗೆಯುವವನ ಬಯಕೆಯೂ ಇದೇ ಆದ್ದರಿಂದ ನನಗೆ ಆ ಹಳೆಯ ಕ್ಯಾಮೆರಾದ ಬಗ್ಗೆ ವಿಶೇಷ ಪ್ರೀತಿ.

ಇನ್ನು ರಂಗಸ್ಥಳಕ್ಕೆ ಬರುತ್ತೇನೆ. ದೊಂದಿ ಬೆಳಕಿನ ಕಾಲ, ಗ್ಯಾಸ್‌ಲೈಟಿನ ಕಾಲ ಎರಡೂ ಮುಗಿದು ಈಗ ಎಲ್ಲೆಡೆ ಎಲ್ಇಡಿ ದೀಪಗಳಿವೆ. ಕಣ್ಣಿಗೆ ಝಗಮಗ ಕಂಡರೂ ಕ್ಯಾಮೆರಾದ ಪಾಲಿಗೆ ಅದು ಹೆಚ್ಚಿನ ಬೆಳಕೇನಲ್ಲ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಪುಂಡುವೇಷ (ಎಳೆಯ ವೀರನ ಪಾತ್ರ) ಧಿಗಿಣ (ಗಾಳಿಯಲ್ಲಿ ತಿರುಗುವ ಜಿಗಿತ) ಹಾರುವಾಗ ಮುಖ ಮಸುಕಾಗದೆ ನಿಲ್ಲಬೇಕಾದರೆ ಶಟರ್ ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನವಾಗಿರಬಾರದು. ನಾನು ಸಾಮಾನ್ಯವಾಗಿ ನೋಡುವ ರಂಗಸ್ಥಳದ ಬೆಳಕಿನಲ್ಲಿ ಆ ಶಟರಿಗೆ ಎಫ್ 1.8ರಲ್ಲಿ ಐಎಸ್ಒ 3200 ಬೇಕಾಗುತ್ತದೆ. ಐಎಸ್ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ, ಅದು ಏರಿದಷ್ಟೂ ಚಿತ್ರ ಒರಟಾಗುತ್ತದೆ. ಅದೇ ಜಾಗದಲ್ಲಿ 1.4 ಇದ್ದರೆ 2000 ಸಾಕು, ಎಫ್ 2.8ರ ಜೂಮ್ ಆದರೆ 8000ದ ಹತ್ತಿರ ಹೋಗಬೇಕು. ಈ ಮೂರು ಸಂಖ್ಯೆಗಳಲ್ಲೇ ನನ್ನ ಅರ್ಧ ತೀರ್ಮಾನವಿದೆ. 3200 ಮತ್ತು 8000ದ ನಡುವಿನ ವ್ಯತ್ಯಾಸ ಪ್ರಿಂಟ್ ತೆಗೆಸಿದರೆ ಎದ್ದು ಕಾಣುತ್ತದೆ: ಕಪ್ಪು ಸೆರಗಿನ ನೆರಿಗೆಗಳು ಕೂಡಿಕೊಂಡು ಒಂದೇ ಮಸಿಯಾಗುತ್ತವೆ, ಮುಖದ ಇಂಗಳೀಕದ ಕೆಂಪಿನಲ್ಲಿದ್ದ ಏರಿಳಿತ ಸಪಾಟಾಗುತ್ತದೆ. 2000 ಮತ್ತು 3200ರ ನಡುವಿನ ವ್ಯತ್ಯಾಸವನ್ನು ಮಾತ್ರ ನನ್ನದೇ ಚಿತ್ರಗಳಲ್ಲಿ, ಪಕ್ಕಪಕ್ಕ ಇಟ್ಟುಕೊಂಡು, ಯಾವುದು ಯಾವುದೆಂದು ಬರೆದಿಡದೆ ನೋಡಿದಾಗ ನಾನು ಗುರುತಿಸಲಾರದೆ ಹೋದೆ. ಆದ್ದರಿಂದ ಜೂಮ್ ಬಿಟ್ಟು ಪ್ರೈಮಿಗೆ ಬಂದವನಿಗೆ ಸಿಗುವ ಲಾಭ ನಿಜವಾದದ್ದು, ದೊಡ್ಡದು. 1.8 ಬಿಟ್ಟು 1.4ಕ್ಕೆ ಹೋದವನಿಗೆ ಬೆಳಕಿನ ಲೆಕ್ಕದಲ್ಲಿ ಸಿಗುವ ಲಾಭ ಕಾಗದದ ಮೇಲೆಯೇ ಹೆಚ್ಚು.

ಹತ್ತು ವರ್ಷಗಳ ಹಿಂದೆ ನನಗೆ ಈ ತಿಳಿವಳಿಕೆ ಇರಲಿಲ್ಲ. ಲೆನ್ಸ್ ಪರೀಕ್ಷೆಯ ಗೆರೆಗಳನ್ನು ರಾತ್ರಿಯೆಲ್ಲ ನೋಡಿ, ಒಂದು ಕಿಲೋ ಮೀರಿದ ತೂಕದ 85 ಎಫ್ 1.4 ಲೆನ್ಸೊಂದನ್ನು ಕೊಂಡೆ. ಆ ಕಾಲವೂ ಹಾಗಿತ್ತು: 2012ರಲ್ಲಿ 36 ಮೆಗಾಪಿಕ್ಸೆಲಿನ ಕ್ಯಾಮೆರಾ ಬಂದ ಮೇಲೆ ಹಳೆಯ ಲೆನ್ಸುಗಳ ದೋಷಗಳೆಲ್ಲ ಪರದೆಯ ಮೇಲೆ ಎದ್ದು ಕಾಣತೊಡಗಿದವು, 2013ರಲ್ಲಿ ಝೈಸ್ ತನ್ನ ಓಟಸ್ 55 ಎಫ್ 1.4 ತಂದಿತು, ಸುಮಾರು ಒಂದು ಕಿಲೋ. 2016ರಲ್ಲಿ ಬಂದ ಸಿಗ್ಮಾದ 85 ಆರ್ಟ್ 1130 ಗ್ರಾಂ. ತೂಕದ ಲೆಕ್ಕ ಹಿಡಿಯದೆ ದೋಷವಿಲ್ಲದ ಚಿತ್ರ ಕೊಡುವುದೇ ಗುರಿ ಎಂಬ ಕಾಲವದು, ನಾನೂ ಆ ಗಾಳಿಯಲ್ಲೇ ಇದ್ದೆ.

ಆ ಲೆನ್ಸಿನೊಂದಿಗೆ ಹೋದ ಮೊದಲ ಇಡೀ ರಾತ್ರಿಯ ಆಟ ನನಗೆ ಚೆನ್ನಾಗಿ ನೆನಪಿದೆ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ರಸ್ತೆಯಿಂದ ಒಂದು ಕಿಲೋಮೀಟರ್ ಬದುವಿನ ಮೇಲಿನ ನಡಿಗೆ. ಆಗಿನ ನನ್ನ ಡಿಎಸ್ಎಲ್ಆರ್ ಕ್ಯಾಮೆರಾ ಸೇರಿ ಕೈಯಲ್ಲಿ ಎರಡು ಕಿಲೋ. ಒಂಬತ್ತೂವರೆಗೆ ಪೂರ್ವರಂಗ ನಡೆಯುವಾಗ ಉತ್ಸಾಹವಿತ್ತು. ಹನ್ನೆರಡಕ್ಕೆ ಬಲಗೈ ಮಣಿಕಟ್ಟು ನೋಯಲು ತೊಡಗಿತು. ಎರಡು ಗಂಟೆಯ ಹೊತ್ತಿಗೆ ಕ್ಯಾಮೆರಾವನ್ನು ಕಣ್ಣಿಗೆ ಏರಿಸುವ ಮೊದಲು, ಇದು ಏರಿಸುವಷ್ಟು ಒಳ್ಳೆಯ ಕ್ಷಣವೇ ಎಂದು ಕೈ ಲೆಕ್ಕ ಹಾಕುತ್ತಿತ್ತು. ಆ ಲೆಕ್ಕಾಚಾರವೇ ಚಿತ್ರಕ್ಕೆ ದೊಡ್ಡ ಶತ್ರು, ಯಾಕೆಂದರೆ ಒಳ್ಳೆಯ ಕ್ಷಣ ಬಂದ ಮೇಲೆ ಏರಿಸಿದರೆ ಅದು ಹೋಗಿರುತ್ತದೆ. ಕೊನೆಗೆ ಲೆನ್ಸನ್ನು ಕಳಚಿ ಚೀಲದಲ್ಲಿಟ್ಟು, ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಹಿಂದಿನಿಂದ ಚೆಂಡೆಯ ಪೆಟ್ಟು ಏರಿತು. ಮಹಿಷಾಸುರ ಸಭೆಯ ಹಿಂದುಗಡೆಯಿಂದ, ಜನರ ನಡುವೆಯೇ, ಎರಡೂ ಬದಿಯಲ್ಲಿ ದೊಂದಿ ಹಿಡಿದವರೊಂದಿಗೆ ಬರುತ್ತಿದ್ದ. ದೊಂದಿಗೆ ರಾಳದ ಹುಡಿ ಎಸೆದಾಗ ಬೆಂಕಿ ಭಗ್ಗೆಂದು ಎದ್ದು, ಆ ಒಂದು ಕ್ಷಣ ಕೋಡುಗಳು, ಮುಖ, ಪಕ್ಕದಲ್ಲಿ ತಾಯಿಯ ಮಡಿಲಿನಿಂದ ಎದ್ದು ನಿಂತ ಮಗುವಿನ ಕಣ್ಣು ಎಲ್ಲವೂ ಒಂದೇ ಕೆಂಪಿನಲ್ಲಿ ಬೆಳಗಿದವು. ಆರು ಅಡಿ ದೂರದಲ್ಲಿ ಅವನು ಹಾದುಹೋದ. ನಾನು ಚೀಲದ ಝಿಪ್ ಎಳೆಯುತ್ತಿದ್ದೆ. ಆ ಲೆನ್ಸ್ ಹಾಕಿದ್ದರೂ ಅಷ್ಟು ಹತ್ತಿರದಲ್ಲಿ 85 ಉದ್ದವಾಗುತ್ತಿತ್ತು, ಬೇಕಾಗಿದ್ದುದು 50 ಅಥವಾ 35. ಆದರೆ ತೂಕಕ್ಕೆ ಅಂಜಿ 50ನ್ನು ಮನೆಯಲ್ಲೇ ಬಿಟ್ಟಿದ್ದೆ. ಒಂದು ಲೆನ್ಸಿನ ಭಾರ ಇನ್ನೊಂದು ಲೆನ್ಸನ್ನು ಚೀಲದಿಂದ ಹೊರಗಿಟ್ಟಿತು.

ಆ ಮೇಲೆ ನಾನು ತೂಕ ನೋಡುವ ಕ್ರಮ ಬದಲಾಯಿತು. ಬಿಡಿಬಿಡಿಯಾಗಿ ಲೆನ್ಸಿನ ತೂಕ ನೋಡದೆ ಚೀಲದ ತೂಕ ನೋಡತೊಡಗಿದೆ. 50 ಎಫ್ 1.8 ಮತ್ತು 85 ಎಫ್ 1.8 ಎರಡನ್ನೂ ಸೇರಿಸಿ ತೂಗಿದರೂ ಆ ಒಂದು ಭಾರಿ 85ರ ಅರ್ಧಕ್ಕೆ ಸ್ವಲ್ಪ ಮೇಲೆ ನಿಲ್ಲುತ್ತಿತ್ತು. ರಂಗಸ್ಥಳದ ಮೂರು ಬದಿಯೂ ಸುತ್ತಬೇಕು, ನೆಲದ ಮೇಲೆ ಕುಳಿತವರ ದೃಷ್ಟಿಗೆ ಅಡ್ಡ ಬರದಂತೆ ಬಗ್ಗಿ ನಡೆಯಬೇಕು, ಭಾಗವತರ ಪದ ಏರುವಾಗ ಎಲ್ಲಿರಬೇಕೋ ಅಲ್ಲಿರಬೇಕು. ಇದಕ್ಕೆಲ್ಲ ಕಾಲು ಮುಖ್ಯ, ಕೈ ಬಿಡುವಾಗಿರುವುದು ಮುಖ್ಯ. ಈಗ ಎಷ್ಟೋ ಕಡೆ ಆಟ ಕಾಲಮಿತಿಯದಾಗಿ ನಡುರಾತ್ರಿಯ ಸುಮಾರಿಗೆ ಮುಗಿಯುತ್ತದೆ, ಮಣಿಕಟ್ಟು ಅಷ್ಟು ಹೊತ್ತು ತಾಳಬಹುದು. ಆದರೂ ರಂಗದ ಮುಂದೆ ನಾನು ಮತ್ತೆ ಆ ಲೆನ್ಸನ್ನು ಹಿಡಿದಿಲ್ಲ.

ಹಾಗಿದ್ದರೆ ಅದನ್ನು ಯಾಕೆ ಮಾರಲಿಲ್ಲ? ಉತ್ತರ ಚೌಕಿಯಲ್ಲಿದೆ. ಚೌಕಿಯೆಂದರೆ ವೇಷಧಾರಿಗಳು ಬಣ್ಣ ಹಾಕಿಕೊಳ್ಳುವ ಜಾಗ. ಎರಡು ಸಾಲಿನಲ್ಲಿ ಎದುರುಬದುರಾಗಿ ಕಲಾವಿದರು, ಪ್ರತಿಯೊಬ್ಬರ ಮುಂದೆ ಅವರವರ ಪೆಟ್ಟಿಗೆ, ಕನ್ನಡಿ, ನಡುವೆ ಒಬ್ಬರು ನಡೆಯುವಷ್ಟು ಓಣಿ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವ ಹಿರಿಯರೊಬ್ಬರು ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ಒಂದೊಂದೇ ಚಿಟ್ಟಿ ಇಡುತ್ತ ಹೋಗುತ್ತಾರೆ. ಎರಡು ಮೂರು ಗಂಟೆಗಳಲ್ಲಿ ಆ ಚುಕ್ಕೆಗಳು ಬೆಳೆದು ಮುಳ್ಳಿನ ಸಾಲಾಗಿ ಮುಖದಿಂದ ಮುಂದೆ ಚಾಚಿಕೊಳ್ಳುತ್ತವೆ. ಒಂದೂವರೆ ಮೀಟರ್ ದೂರದಿಂದ 85 ಎಫ್ 1.4ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಎರಡೂವರೆ ಸೆಂಟಿಮೀಟರ್ ಮಾತ್ರ. 1.8ರಲ್ಲಿ ಮೂರಕ್ಕೆ ತುಸು ಮೇಲೆ. ಎರಡರಲ್ಲೂ ಚಿಟ್ಟಿ ಸ್ಪಷ್ಟವಾದರೆ ಕಣ್ಣು ಮಸುಕು, ಕಣ್ಣು ಸ್ಪಷ್ಟವಾದರೆ ಚಿಟ್ಟಿ ಮಸುಕು. ಕ್ಯಾಮೆರಾದ ಫೋಕಸಿಗೆ ಬಿಳಿಯ ಚಿಟ್ಟಿಯೇ ಇಷ್ಟ, ಕಾಡಿಗೆಯ ನಡುವಿನ ಕಣ್ಣನ್ನು ಅದು ಬೇಗ ಹಿಡಿಯುವುದಿಲ್ಲ. ಹಾಗಾಗಿ ಚೌಕಿಯಲ್ಲಿ ನಾನು ಎಫ್ 2.8ಕ್ಕೆ ಇಳಿಸುತ್ತೇನೆ, ಅಂದರೆ ಕಿಂಡಿಯನ್ನು ಕಿರಿದು ಮಾಡುತ್ತೇನೆ, ಆಗ ಐದು ಸೆಂಟಿಮೀಟರ್ ಸಿಗುತ್ತದೆ. ಕಲಾವಿದರು ಕದಲದೆ ಕುಳಿತಿರುವುದರಿಂದ ಶಟರನ್ನು ನಿಧಾನ ಮಾಡಿದರೂ ನಡೆಯುತ್ತದೆ.

ಎಫ್ 1.4ರ ಲೆನ್ಸನ್ನು 2.8ಕ್ಕೆ ಇಳಿಸಿ ಬಳಸುವುದಾದರೆ ಅಷ್ಟು ಭಾರ ಯಾಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ತಿದ್ದುಪಡಿಯ ತೂಕ ಕೆಲಸಕ್ಕೆ ಬರುತ್ತದೆ. ಕಿರೀಟದ ಮೇಲೆ ಬೇಗಡೆ, ಕನ್ನಡಿ ಚೂರು, ಬಣ್ಣದ ಮಣಿಗಳು ಇರುತ್ತವೆ, ತಲೆಯ ಮೇಲೆ ನೇತಾಡುವ ಬಲ್ಬಿನ ಬೆಳಕು ಅವುಗಳಲ್ಲಿ ಸಾವಿರ ಕಿಡಿಯಾಗುತ್ತದೆ. ಹಗುರವಾದ ನನ್ನ 85ರಲ್ಲಿ ಫೋಕಸಿನಿಂದ ತುಸು ಮುಂದಿರುವ ಕಿಡಿಗಳ ಸುತ್ತ ನೇರಳೆ ಅಂಚು, ತುಸು ಹಿಂದಿರುವ ಕಿಡಿಗಳ ಸುತ್ತ ಹಸಿರು ಅಂಚು ಮೂಡುತ್ತದೆ. ಬೇರೆಬೇರೆ ಬಣ್ಣದ ಬೆಳಕು ಬೇರೆಬೇರೆ ದೂರದಲ್ಲಿ ಸೇರುವುದರಿಂದ ಆಗುವ ದೋಷವದು. ಕಿಂಡಿ ಇಳಿಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಅಳಿಸಲು ಹೋದರೆ ಹಸಿರು ಮಣಿಯ ಹಸಿರೂ ಜೊತೆಗೇ ಹೋಗುತ್ತದೆ. ಅರದಾಳದ ಹಳದಿ ಹಳದಿಯಾಗಿಯೇ, ಇಂಗಳೀಕದ ಕೆಂಪು ಕೆಂಪಾಗಿಯೇ, ಬೇಗಡೆ ಚಿನ್ನವಾಗಿಯೇ ಉಳಿಯಬೇಕಾದ ಚಿತ್ರದಲ್ಲಿ ಇದು ಸಣ್ಣ ದೋಷವಲ್ಲ. ಬಣ್ಣಗಾರಿಕೆಯೇ ಆ ಚಿತ್ರದ ವಿಷಯ. ಮೂರು ಗಂಟೆ ಕುಳಿತು ಹಾಕಿದ ಬಣ್ಣಕ್ಕೆ ನನ್ನ ಲೆನ್ಸು ತನ್ನದೊಂದು ಬಣ್ಣ ಸೇರಿಸುವುದು ನನಗೆ ಸರಿಕಾಣುವುದಿಲ್ಲ. ಆ ಭಾರಿ ಲೆನ್ಸಿನಲ್ಲಿ 2ರಿಂದ 2.8ರ ನಡುವೆ ಈ ಅಂಚುಗಳು ಹುಡುಕಿದರೂ ಸಿಗುವುದಿಲ್ಲ. ಚೌಕಿಯಲ್ಲಿ ನಾನು ಒಂದೇ ಕಡೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮೊಣಕೈಯನ್ನು ಮೊಣಕಾಲಿಗೆ ಊರಿ ಕುಳಿತಿರುತ್ತೇನೆ. ಒಂದು ಕಿಲೋ ಅಲ್ಲಿ ಭಾರವೆನಿಸುವುದಿಲ್ಲ.

ಬೆಳಕಿಗಾಗಿ ಕೊಂಡದ್ದನ್ನು ನಾನು ತಿದ್ದುಪಡಿಗಾಗಿ ಇಟ್ಟುಕೊಂಡಿದ್ದೇನೆ. ಬೆಳಕು ಕಡಿಮೆಯಿದ್ದು ವೇಷ ಕುಣಿಯುವ ರಂಗಸ್ಥಳಕ್ಕೆ 1.8 ಹೋಗುತ್ತದೆ, ವೇಷಧಾರಿ ಅಲುಗಾಡದೆ ಕುಳಿತಿರುವ ಚೌಕಿಗೆ 1.4 ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ತಿರುವುಮುರುವಾಗಿ ಕಾಣಬಹುದು.

ಇಂದು ಹೊಸದಾಗಿ ಕೊಳ್ಳುವವರಿಗೆ ಈ ಸಂಕಟ ನನ್ನಷ್ಟಿಲ್ಲ ಎಂಬುದನ್ನೂ ಹೇಳಬೇಕು. 2016ರಲ್ಲಿ 1130 ಗ್ರಾಂ ತೂಗುತ್ತಿದ್ದ ಸಿಗ್ಮಾದ 85 ಎಫ್ 1.4ರ ಜಾಗಕ್ಕೆ 2020ರಲ್ಲಿ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದೇ ಬಂದ ಲೆನ್ಸು ಸುಮಾರು 630 ಗ್ರಾಂ. ಸೋನಿ ಮೌಂಟಿನ 50 ಎಫ್ 1.4 2016ರಲ್ಲಿ 778 ಗ್ರಾಂ ಇದ್ದದ್ದು 2023ರಲ್ಲಿ 516ಕ್ಕೆ ಇಳಿಯಿತು. ಕನ್ನಡಿ ಹೋದ ಮೇಲೆ ಹಿಂದಿನ ಗಾಜನ್ನು ಚಿತ್ರ ಹಿಡಿಯುವ ಸೆನ್ಸರಿನ ಹತ್ತಿರ ಇಡಬಹುದು. ಫೋಕಸಿಗೆ ಚಲಿಸುವ ಗಾಜುಗಳನ್ನು ಹಗುರ ಮಾಡಿದ್ದಾರೆ. ಗೆರೆ ಬಾಗುವುದು, ಮೂಲೆ ಕಪ್ಪಾಗುವುದು ಮೊದಲಾದ ಕೆಲವು ದೋಷಗಳನ್ನು ಗಾಜಿನಲ್ಲಿ ತಿದ್ದದೆ ಕ್ಯಾಮೆರಾದ ಸಾಫ್ಟ್‌ವೇರಿಗೆ ಬಿಟ್ಟಿದ್ದಾರೆ. ಇದನ್ನು ಮೋಸವೆಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಾಫ್ಟ್‌ವೇರು ಚೆನ್ನಾಗಿ ತಿದ್ದಬಲ್ಲ ದೋಷವನ್ನು ಅದಕ್ಕೇ ಬಿಟ್ಟು, ಅದು ತಿದ್ದಲಾರದ ನೇರಳೆ ಹಸಿರು ಅಂಚುಗಳಿಗೆ ಗಾಜನ್ನು ಮೀಸಲಿಡುವುದು ಹೊರುವವನ ಬೆನ್ನಿಗೆ ಮಾಡಿದ ಉಪಕಾರ.

ಅಕ್ಕನ ಮಗನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಲಾಗಲಿಲ್ಲ. ಕೊಳ್ಳುವ ಮೊದಲು ಒಂದು ಆಟಕ್ಕೆ ಬಾ ಎಂದೆ. ಸಂಜೆ ಏಳಕ್ಕೆ ಚೌಕಿಯಲ್ಲಿ ಅವನ ಕೈಗೆ 1.4 ಕೊಟ್ಟೆ, ಒಂದು ಗಂಟೆ ಉಸಿರು ಬಿಗಿಹಿಡಿದು ಒಬ್ಬರೇ ಕಲಾವಿದರ ಎದುರು ಕುಳಿತಿದ್ದ. ಆಟ ಸುರುವಾದಾಗ ಅವನೇ ಅದನ್ನು ಬಿಚ್ಚಿ 1.8 ಕೇಳಿದ. ನಡುರಾತ್ರಿಯವರೆಗೆ ರಂಗಸ್ಥಳದ ಆಚೆಗೂ ಈಚೆಗೂ ಅವನು ಬಗ್ಗಿ ಓಡಾಡುವುದನ್ನು ನಾನು ಎದುರಿನಿಂದ ನೋಡುತ್ತಿದ್ದೆ. ಮಂಗಳ ಹಾಡಿ ಜನ ಚಾಪೆ ಸುತ್ತುವಾಗ ಬಂದು, ಲೆನ್ಸಿನ ಮೇಲೆ ಕುಳಿತಿದ್ದ ಧೂಳನ್ನು ಊದಿ, "1.8 ತೆಗೊಳ್ತೇನೆ ಮಾವ. ಚೌಕಿಗೆ ಬರುವಾಗ ನಿಮ್ಮದು ಕೊಡಿ" ಎಂದ. ಭಾರಿ ಲೆನ್ಸಿನ ಚೀಲವನ್ನು ಅಂದು ಬದುವಿನ ಮೇಲೆ ಅವನೇ ಹೊತ್ತುಕೊಂಡು ಬಂದ.